ತಂಗಿ ಬಿಟ್ಟುಕೊಟ್ಟ ಸೈಕಲ್

“ಅದನ್ನ ಮುಟ್ಟಬೇಡಿ ಅಂದೆ,” ಎಂದ ಮೆಕ್ಯಾನಿಕ್. “ಈ ಲಾರಿಯೊಳಗೆ ನನ್ನನ್ನ ಕೇಳದೆ ತಂಡದ ಒಡೆಯರು ಕೂಡ ಒಂದು ನಟ್ಟು ತಿರುಗಿಸಲ್ಲ.”

“ನಿಮ್ಮ ಒಡೆಯರ ಜೇಬಿನಲ್ಲಿ ಕೋರ್ಟಿನ ಕಾಗದ ಇರಲ್ಲ,” ಎಂದರು ಇನ್‌ಸ್ಪೆಕ್ಟರ್, ತಲೆಯೆತ್ತದೆ. “ಆ ಗಾಜಿನ ಲೋಟ ಇತ್ತ ಕೊಡಿ.”

ಅವನು ಕೊಡಲಿಲ್ಲ. ಆಕೆಯೇ ಕೈಚಾಚಿ ತೆಗೆದುಕೊಂಡರು.

ಸ್ಟ್ಯಾಂಡಿಗೆ ಬಿಗಿದು ನಿಲ್ಲಿಸಿದ್ದ ಸೈಕಲ್ಲಿನ ಮುಂದಿನ ಫೋರ್ಕು ಸೀಳಿತ್ತು, ಹ್ಯಾಂಡಲ್ ಒಂದು ಕಡೆಗೆ ತಿರುಚಿಕೊಂಡಿತ್ತು. ಸೀಟಿನ ಕೆಳಗೆ ಹನ್ನೆರಡು ಎಂದು ಬರೆದ ತಗಡು. ಇಪ್ಪತ್ತು ಗಂಟೆಗಳ ಹಿಂದೆ, ಆರು ಹಂತಗಳ ಮಹಿಳಾ ಸೈಕಲ್ ರೇಸಿನ ನಾಲ್ಕನೆಯ ದಿನ, ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿದ್ದ ನಾಯಕಿ ಇದೇ ಸೈಕಲ್ ಮೇಲೆ ಬೆಟ್ಟ ಇಳಿಯುತ್ತಾ ಏಳನೆಯ ತಿರುವಿನಲ್ಲಿ ತಡೆಗೋಡೆಯ ಆಚೆಗೆ ಎಗರಿ ಬಿದ್ದಿದ್ದಳು. ಸೈಕಲ್ ಅವಳದಲ್ಲ, ಅದೇ ತಂಡದಲ್ಲಿರುವ ಅವಳ ಒಡಹುಟ್ಟಿದ ತಂಗಿಯದು. ಬೆಟ್ಟದ ನೆತ್ತಿ ಇನ್ನು ಎರಡು ಕಿಲೋಮೀಟರ್ ಇದೆ ಎನ್ನುವಾಗ ಅಕ್ಕ ಪಂಕ್ಚರ್ ಎಂದು ಕೈಯೆತ್ತಿದ್ದಳು. ತಂಗಿ ಇಳಿದು ತನ್ನ ಸೈಕಲ್ ಕೊಟ್ಟಿದ್ದಳು. ಬಿದ್ದವಳು ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ತೆರೆದಿರಲಿಲ್ಲ.

“ನಿನ್ನೆ ಸಂಜೆ ರೇಸಿನ ತೀರ್ಪುಗಾರರು ಬಂದು ಮೂರು ಸಲ ಒತ್ತಿ ನೋಡಿದಾರೆ,” ಎಂದ ಮೆಕ್ಯಾನಿಕ್. “ಬ್ರೇಕು ಗಟ್ಟಿಯಾಗಿದೆ. ಓಡಿಸಿದವಳ ತಪ್ಪು ಅಂತ ಬರೆದು ಸಹಿ ಹಾಕಿದಾರೆ. ಇನ್ನೇನು ಹುಡುಕ್ತೀರಿ ಇದರಲ್ಲಿ?”

“ಬ್ರೇಕು ಈಗಲೂ ಗಟ್ಟಿಯಾಗೇ ಇದೆ.” ಆಕೆ ಹ್ಯಾಂಡಲ್ಲಿನ ಹಿಡಿಕೆ ಒತ್ತಿ ತೋರಿಸಿದರು. ಆಮೇಲೆ ಬಗ್ಗಿ, ಚಕ್ರದ ಪಕ್ಕದಲ್ಲಿರುವ ಬ್ರೇಕಿನ ಪುಟ್ಟ ತಿರುಪು ಸಡಿಲಿಸಿ, ಸೂಜಿಯಿಲ್ಲದ ಸಿರಿಂಜು ಹಚ್ಚಿ ನಿಧಾನವಾಗಿ ಎಳೆದರು. ಎಳೆದದ್ದನ್ನು ಲೋಟಕ್ಕೆ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು.

ಲೋಟದ ತಳದಲ್ಲಿ ಎರಡು ಪದರ. ಮೇಲೆ ಕೆಂಪು ಎಣ್ಣೆಯ ತೆಳು ಗೆರೆ. ಕೆಳಗೆ ಬಣ್ಣವೇ ಇಲ್ಲದ್ದು, ಎಣ್ಣೆಗಿಂತ ನಾಲ್ಕು ಪಟ್ಟು ಹೆಚ್ಚು.

“ಮೇಲಿನದು ನೀವು ಹಾಕಿದ ಬ್ರೇಕ್ ಎಣ್ಣೆ. ಕೆಳಗಿನದು?”

ಮೆಕ್ಯಾನಿಕ್ ಬೆರಳದ್ದಿದ. ಹೆಬ್ಬೆರಳಿಗೆ ಉಜ್ಜಿದ. ಮೂಗಿಗೆ ಹಿಡಿದ. ಮತ್ತೊಮ್ಮೆ ಉಜ್ಜಿದ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನ ಮುಖ ಸುಣ್ಣದಂತಾಯಿತು.

“ನೀರು,” ಎಂದ.

“ನೀರೇ. ತಣ್ಣಗಿರುವಾಗ ಎಣ್ಣೆಗೂ ನೀರಿಗೂ ವ್ಯತ್ಯಾಸ ಗೊತ್ತಾಗಲ್ಲ. ಒತ್ತಿದರೆ ಎರಡೂ ಕುಗ್ಗಲ್ಲ. ಸಪಾಟು ರಸ್ತೆಯಲ್ಲಿ, ಏರಿನಲ್ಲಿ, ಇಡೀ ದಿನ ಓಡಿಸಿದರೂ ಏನೂ ಆಗಲ್ಲ. ಉದ್ದದ ಇಳಿಜಾರು ಬಂತು ಅನ್ನಿ. ಬ್ರೇಕು ಹಿಡಿದು ಹಿಡಿದು ಬಿಸಿಯಾಗುತ್ತೆ. ಎಣ್ಣೆ ತಡೆದುಕೊಳ್ಳುತ್ತೆ. ನೀರು ನೂರು ಡಿಗ್ರಿಗೆ ಕುದಿಯುತ್ತೆ.”

“ಆವಿ,” ಎಂದ ಅವನು, ತನಗೇ ಹೇಳಿಕೊಂಡಂತೆ.

“ಆವಿ. ಒಂದು ತಿರುವಿನಲ್ಲಿ ಬ್ರೇಕು ಹಿಡಿಯುತ್ತೆ. ಕೈ ಬಿಟ್ಟ ಕ್ಷಣ ಒಳಗೆ ಕುದಿ ಬರುತ್ತೆ. ಮುಂದಿನ ತಿರುವಿನಲ್ಲಿ ಒತ್ತಿದರೆ ಬರೀ ಗಾಳಿ ಒತ್ತಿದ ಹಾಗೆ. ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗ, ಎದುರಿಗೆ ಗೋಡೆ. ಆಮೇಲೆ ಸೈಕಲ್ ಹಳ್ಳದಲ್ಲಿ ಬಿದ್ದು ತಣ್ಣಗಾಗುತ್ತೆ, ಆವಿ ಮತ್ತೆ ನೀರಾಗುತ್ತೆ. ಸಂಜೆ ತೀರ್ಪುಗಾರರು ಬಂದು ಮೂರು ಸಲ ಒತ್ತಿ ಸಹಿ ಹಾಕ್ತಾರೆ.”

ಮೆಕ್ಯಾನಿಕ್ ಕಾಲಿನಿಂದ ಬಕೆಟ್ಟೊಂದನ್ನು ಎಳೆದುಕೊಂಡು, ಬೋರಲು ಹಾಕಿ ಅದರ ಮೇಲೆ ಕೂತ.

“ನನ್ನ ಲಾರಿಯಲ್ಲಿ,” ಎಂದ.

“ತುಂಬೋಕೆ ಎಷ್ಟು ಹೊತ್ತು ಬೇಕು?”

“ಗೊತ್ತಿದ್ದವರಿಗೆ ಎರಡು ಬ್ರೇಕಿಗೂ ಸೇರಿ ಐದು ನಿಮಿಷ. ಸಿರಿಂಜು ಅಲ್ಲೇ ತೂಗುಹಾಕಿರುತ್ತೆ.” ಅವನು ಕೊರಳಿಗೆ ಕಟ್ಟಿಕೊಂಡಿದ್ದ ಕೀಲಿಯನ್ನು ಹಿಡಿದುಕೊಂಡ. “ಕೀಲಿ ಒಂದೇ. ಸ್ನಾನಕ್ಕೆ ಹೋದಾಗಲೂ ಬಿಚ್ಚಲ್ಲ. ಒಳಗೆ ಯಾರಿಗೂ ಕಾಲಿಡೋಕೆ ಬಿಡಲ್ಲ.”

“ಯಾರಿಗೂ?”

ಹೊರಗೆ ಯಾರೋ ಪೈಪು ಹಿಡಿದು ನೆಲ ತೊಳೆಯುತ್ತಿದ್ದ ಸದ್ದು.

“ಬಾಲ ಬಂದಿದ್ದಳು,” ಎಂದ ಕೊನೆಗೆ. “ನಿನ್ನೆ ಬೆಳಿಗ್ಗೆ ಆರೂವರೆಗೆ. ನಾನು ನೀರಿನ ಪೈಪು ಜೋಡಿಸೋಕೆ ಆಚೆ ಹೋಗಿದ್ದೆ. ಬಂದು ನೋಡಿದರೆ ಒಳಗೆ ನಿಂತಿದಾಳೆ, ಕೈಯಲ್ಲಿ ತಿರುಪು ಬಿಚ್ಚೋ ನನ್ನ ಅಲೆನ್ ಕೀ. ಉಗಿದು ಓಡಿಸಿದೆ. ಮೇಡಂ, ಸವಾರಿ ಮಾಡೋರು ತಮ್ಮ ಸೈಕಲ್‌ಗೆ ತಾವೇ ಕೈ ಹಾಕೋದು ಅಂದರೆ ನನ್ನ ಮುಖಕ್ಕೆ ಉಗಿದ ಹಾಗೆ.”

ಬಾಲ ಎಂದರೆ ತಂಗಿ. ನಾಲ್ಕು ವರ್ಷಗಳಿಂದ ಅಕ್ಕನಿಗೆ ಗಾಳಿ ತಾಕದಂತೆ ಮುಂದೆ ತುಳಿಯುವುದು, ಬಾಯಾರಿದಾಗ ಕಾರಿನಿಂದ ನೀರು ತಂದುಕೊಡುವುದು, ಕೆಟ್ಟಾಗ ಸೈಕಲ್ ಬಿಟ್ಟುಕೊಡುವುದು ಅವಳ ಕೆಲಸ. ಬೇರೆ ತಂಡಗಳವರು ಇಟ್ಟ ಹೆಸರು ಅವಳ ಸ್ವಂತ ತಂಡದವರ ಬಾಯಲ್ಲೂ ನಿಂತುಬಿಟ್ಟಿತ್ತು.

“ನಿಮ್ಮ ಪುಸ್ತಕ ಕೊಡಿ.”

ಎಣ್ಣೆ ಮೆತ್ತಿದ ಪುಸ್ತಕದಲ್ಲಿ ಪ್ರತಿಯೊಬ್ಬಳ ಸೀಟಿನ ಎತ್ತರ ಪ್ರತಿದಿನ ಬರೆದಿತ್ತು. ಹನ್ನೆರಡನೆಯ ಸಂಖ್ಯೆಯ ಎದುರು ನಾಲ್ಕು ದಿನವೂ ಒಂದೇ ಅಂಕಿ: ಏಳುನೂರ ಹನ್ನೆರಡು ಮಿಲಿಮೀಟರ್.

“ಇದು ತಂಗಿಯ ಅಳತೆಯಾ?”

“ಅಕ್ಕನದು. ತಂಗಿಯದು ಏಳುನೂರ ಆರು. ಆದರೆ ನಾಯಕಿಗೆ ಸೈಕಲ್ ಕೊಡಬೇಕಾದೋಳು ನಾಯಕಿಯ ಅಳತೆಯಲ್ಲೇ ತುಳೀಬೇಕು. ಹತ್ತಿದ ಕೂಡಲೇ ಹೊರಡೋಕೆ ಆಗಬೇಕಲ್ಲ. ನಾಲ್ಕು ವರ್ಷದಿಂದ ಹಾಗೇ ಇದೆ.”

ಇನ್‌ಸ್ಪೆಕ್ಟರ್ ಉಕ್ಕಿನ ಪಟ್ಟಿ ಹಿಡಿದು ಎರಡು ಪೆಡಲುಗಳ ನಡುವಿನ ಅಚ್ಚಿನಿಂದ ಸೀಟಿನವರೆಗೆ ಅಳೆದರು. ಎರಡನೆಯ ಸಲ ಅಳೆದರು.

ಏಳುನೂರ ಆರು.

ಮೆಕ್ಯಾನಿಕ್ ಎದ್ದು ನಿಂತ. “ನಾನು ಮಾಡಿದ್ದಲ್ಲ,” ಎಂದ. ಅವನ ದನಿಯಲ್ಲಿ ನೀರಿನ ವಿಷಯಕ್ಕಿಂತ ಹೆಚ್ಚು ಗಾಬರಿಯಿತ್ತು.

ಆಕೆ ಗೋಡೆಗೆ ತೂಗುಹಾಕಿದ್ದ ಚಕ್ರಗಳ ಸಾಲಿನುದ್ದಕ್ಕೂ ನಡೆದು ಒಂದೊಂದೇ ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ಕೊನೆಯ ಚಕ್ರಕ್ಕೆ ‘ನಾಯಕಿ, ಪಂಕ್ಚರ್’ ಎಂದು ಚೀಟಿ ಅಂಟಿಸಿತ್ತು. ಅದರ ಹತ್ತಿರ ಸ್ವಲ್ಪ ಹೊತ್ತು ನಿಂತರು.

“ಇದನ್ನ ಯಾಕೆ ಬಿಚ್ಚಿಲ್ಲ?”

“ಬಿಚ್ಚೋಕೆ ಬಿಟ್ಟಿರಾ? ನಿನ್ನೆ ಸಂಜೆಯೇ ಲಾರಿಗೆ ಸೀಲು ಹಾಕಿ ಹೋದಿರಿ.”

“ನಿಮ್ಮ ಫೋನು, ಕೀಲಿ ಎರಡೂ ಕೊಡಿ. ನೀರಿನ ವಿಷಯ ನಿಮಗೂ ನನಗೂ ಮಾತ್ರ ಗೊತ್ತು. ಹಾಗೇ ಇರಲಿ. ಬಾಗಿಲಲ್ಲಿ ನಮ್ಮವರು ಇರ್ತಾರೆ.”

ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನು ಕೊರಳಿನ ದಾರ ಬಿಚ್ಚಿದ.

*

ಹೊರಗೆ ತಂಡಗಳ ಲಾರಿ, ಬಸ್ಸುಗಳು ಮೈದಾನದ ತುಂಬ ಸಾಲಾಗಿ ನಿಂತಿದ್ದವು. ಗಂಟೆ ಹತ್ತು ಹದಿನೈದು. ಐದನೆಯ ಹಂತ ಹನ್ನೊಂದಕ್ಕೆ ಹೊರಡುವುದು. ಹತ್ತು ಐವತ್ತರೊಳಗೆ ವೇದಿಕೆ ಹತ್ತಿ ಸಹಿ ಹಾಕದವರು ರೇಸಿನಿಂದಲೇ ಹೊರಗೆ.

ಲಾರಿಯ ಪಕ್ಕಕ್ಕೆ ಎಳೆದ ಪರದೆಯ ನೆರಳಿನಲ್ಲಿ ತಂಗಿ ನಿಂತಲ್ಲೇ ತುಳಿಯುತ್ತಿದ್ದಳು. ಹಿಂದಿನ ಚಕ್ರ ಉರುಳೆಯ ಮೇಲೆ ಗಿರಗಿರನೆ ತಿರುಗುತ್ತಿತ್ತು. ಅವಳ ಸುತ್ತ ಹತ್ತು ಹೆಜ್ಜೆ ಜಾಗ ಖಾಲಿ. ತಂಡದ ಉಳಿದ ನಾಲ್ವರು ತಮ್ಮ ಸೈಕಲ್‌ಗಳನ್ನು ಎತ್ತಿಕೊಂಡು ಬಸ್ಸಿನ ಆ ಬದಿಗೆ ಹೋಗಿಬಿಟ್ಟಿದ್ದರು.

ಎದುರಿನ ತಂಡದ ಪರದೆಯ ಕೆಳಗಿನಿಂದ ಒಬ್ಬಳು ಕೂಗಿದಳು: “ಯಾರಿಗಾದ್ರೂ ಸೈಕಲ್ ಬೇಕೇನ್ರೇ? ಬಾಲವನ್ನ ಕೇಳಿ! ಕೇಳಿದ ತಕ್ಷಣ ಇಳಿದು ಕೊಡುತ್ತೆ!”

ನಗು. ತಂಗಿ ತಲೆಯೆತ್ತಲಿಲ್ಲ.

“ಇನ್ನು ಹದಿನೆಂಟು ನಿಮಿಷ ತುಳೀಬೇಕು,” ಎಂದಳು ಇನ್‌ಸ್ಪೆಕ್ಟರನ್ನು ನೋಡಿ. “ಕೇಳೋದಿದ್ರೆ ಹೀಗೇ ಕೇಳಿ. ನಿಲ್ಲಿಸಲ್ಲ.”

“ನಿಲ್ಲಿಸಬೇಡ.” ಆಕೆ ಮಡಚುವ ಕುರ್ಚಿ ಎಳೆದುಕೊಂಡು ಹ್ಯಾಂಡಲ್ಲಿನ ಎದುರಿಗೇ ಕೂತರು. ಹ್ಯಾಂಡಲ್ಲಿಗೆ ಸಿಕ್ಕಿಸಿದ್ದ ಪುಟ್ಟ ಪರದೆಯ ಮೇಲೆ ಅಂಕಿಗಳು ಓಡುತ್ತಿದ್ದವು: ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ಬಲ, ಎದೆಪಟ್ಟಿಯಿಂದ ಬಂದ ಹೃದಯದ ಬಡಿತ. ಬಡಿತ ನೂರ ಇಪ್ಪತ್ತೊಂದು. “ಆಸ್ಪತ್ರೆಗೆ ಹೋಗಿದ್ದೆಯಾ?”

“ಹೋಗಿದ್ದೆ. ಅಮ್ಮ ಮೆಟ್ಟಿಲಲ್ಲೇ ನಿಲ್ಲಿಸಿದಳು. ‘ರಸ್ತೆಯಲ್ಲಿ ನೋಡದೆ ಹೋದವಳಿಗೆ ಇಲ್ಲೇನು ನೋಡೋದಿದೆ’ ಅಂದಳು.”

“ಸುಳ್ಳಲ್ಲವಲ್ಲ. ಅಕ್ಕ ಬಿದ್ದ ತಿರುವಿನಲ್ಲಿ ಒಂದು ನಿಮಿಷದ ನಂತರ ನೀನು ಹಾದುಹೋದೆ. ಕ್ಯಾಮೆರಾದಲ್ಲಿ ಇದೆ. ನಿಲ್ಲಲಿಲ್ಲ.”

“ಯಾರೋ ಬಿದ್ದಿದಾರೆ ಅಂತ ಗೊತ್ತಿತ್ತು. ಯಾರು ಅಂತ ಗೊತ್ತಿರಲಿಲ್ಲ. ರೇಡಿಯೋದಲ್ಲಿ ಮ್ಯಾನೇಜರ್ ‘ಆ ಕಡೆ ನೋಡಬೇಡ, ಹೋಗ್ತಾ ಇರು’ ಅಂದ. ಹೋದೆ. ನಾಲ್ಕು ವರ್ಷದಿಂದ ಹೇಳಿದ್ದನ್ನ ಮಾಡಿಕೊಂಡು ಬಂದಿದೀನಿ. ಈಗ ಅದೂ ತಪ್ಪಾಯ್ತು.”

ನೂರ ಇಪ್ಪತ್ತನಾಲ್ಕು. ತುಳಿತದಲ್ಲಿ ಬದಲಾವಣೆ ಇಲ್ಲ.

“ನಿನ್ನೆ ಬೆಳಿಗ್ಗೆ ಒಟ್ಟು ಸಮಯದಲ್ಲಿ ಮೂರನೆಯವಳು ನೀನು. ಇವತ್ತು ಎರಡನೆಯವಳು. ಮೊದಲಿನವಳಿಗೂ ನಿನಗೂ ಮೂವತ್ತೊಂದು ಸೆಕೆಂಡ್. ಇವತ್ತು ಎರಡು ಬೆಟ್ಟ. ಮೊದಲ ಸಲ ನೀನು ನಿನಗೋಸ್ಕರ ತುಳೀತೀಯ.”

“ಅದಕ್ಕೆ ಅಕ್ಕನ್ನ ತಳ್ಳಿದೆ. ಅಷ್ಟೇ ತಾನೆ? ಎದುರಿಗೆ ನಗ್ತಾ ಇದಾರಲ್ಲ, ಅವರೂ ಅದನ್ನೇ ಹೇಳ್ತಾರೆ. ಅವರಿಗೆ ಸಂಬಳವಾದ್ರೂ ಇಲ್ಲ ಅದಕ್ಕೆ. ನಿಮಗಿದೆ.”

“ನಿನ್ನೆ ಬೆಳಿಗ್ಗೆ ಆರೂವರೆಗೆ ಲಾರಿಯೊಳಗೆ ಏನು ಮಾಡ್ತಿದ್ದೆ?”

“ಹೋಗಿರಲಿಲ್ಲ.”

“ಅಲೆನ್ ಕೀ ಹಿಡಿದಿದ್ದೆ.”

“ಹೋಗಿರಲಿಲ್ಲ ಅಂದೆನಲ್ಲ.”

“ಸೀಟು ಆರು ಮಿಲಿಮೀಟರ್ ತಗ್ಗಿದೆ.”

“ಮೆಕ್ಯಾನಿಕ್‌ನ ಕೆಲಸ ಅದು. ಅವನನ್ನೇ ಕೇಳಿ. ವಯಸ್ಸಾಯ್ತು, ಕಣ್ಣು ಮಂದ.”

ಸುತ್ತು ತೊಂಬತ್ತು, ಬಲ ನೂರ ಐವತ್ತು, ಎರಡೂ ಕದಲಲಿಲ್ಲ. ಬಡಿತ ಮಾತ್ರ ನೂರ ಮೂವತ್ತೊಂಬತ್ತಕ್ಕೆ ಏರಿತು.

“ಅಕ್ಕನ ಹೆಸರೆತ್ತಿದಾಗ ಮೂರು ಬಡಿತ ಏರಿತು,” ಎಂದರು ಇನ್‌ಸ್ಪೆಕ್ಟರ್. “ಸೀಟಿನ ಹೆಸರೆತ್ತಿದರೆ ಹದಿನೈದು. ವಿಚಿತ್ರ ಅಲ್ವಾ?”

ತಂಗಿ ಒಂದು ಕ್ಷಣ ಅರ್ಥವಾಗದೆ ನೋಡಿದಳು. ಆಮೇಲೆ ಕೊರಳಲ್ಲಿದ್ದ ಟವೆಲ್ ಎಳೆದು ಹ್ಯಾಂಡಲ್ಲಿನ ಅಂಕಿಗಳ ಮೇಲೆ ಹಾಕಿಬಿಟ್ಟಳು.

“ನನ್ನ ಎದೆ ಬಡಿತ ನೋಡೋಕೂ ಕೋರ್ಟಿನ ಕಾಗದ ಇದೆಯಾ ನಿಮ್ಮ ಹತ್ತಿರ?”

“ಬೇಕಾಗಲ್ಲ. ನಿನ್ನನ್ನ ಜೀಪಿಗೆ ಹತ್ತಿಸೋಕೆ ಇಷ್ಟು ಸಾಕು. ಒಬ್ಬಳೇ ಲಾರಿಯೊಳಗೆ ಇದ್ದೆ. ಹೋಗಿರಲಿಲ್ಲ ಅಂತ ಸುಳ್ಳು ಹೇಳಿದೆ. ಆ ಸೈಕಲ್ ಅಕ್ಕನ ಕೈಗೆ ಕೊಟ್ಟವಳು ನೀನೇ. ಅವಳು ಬಿದ್ದರೆ ಲಾಭ ನಿನಗೇ. ಗಂಟೆ ಹತ್ತು ಇಪ್ಪತ್ತೈದು. ಸಹಿ ಹಾಕೋ ಹೊತ್ತು ಮುಗಿಯೋವರೆಗೆ ನಾನು ಇಲ್ಲೇ ಕೂತಿರ್ತೀನಿ. ನೀನೂ ಕೂತಿರ್ತೀಯ.”

ಚಕ್ರದ ಸದ್ದು ಇಳಿಯಿತು. ತುಳಿಯುವುದು ನಿಂತಿತು. ಉರುಳೆ ಇನ್ನಷ್ಟು ಹೊತ್ತು ತಾನಾಗಿ ತಿರುಗಿ ನಿಂತಿತು.

ತಂಗಿ ಬಗ್ಗಿ ಬಲಗಾಲಿನ ಉದ್ದನೆಯ ಕಾಲುಚೀಲ ಸರಿಸಿದಳು. ಮೊಣಕಾಲಿನ ಹಿಂಬದಿಯಲ್ಲಿ ನೀಲಿ ಪಟ್ಟಿಗಳು ಅಡ್ಡಡ್ಡ ಅಂಟಿದ್ದವು. ಅವುಗಳ ನಡುವೆ ಊದಿಕೊಂಡ ಚರ್ಮ.

“ಆರು ಮಿಲಿಮೀಟರ್ ಅಂದರೆ ನಿಮಗೆ ನಗು ಬರುತ್ತೆ,” ಎಂದಳು. “ದಿನಕ್ಕೆ ಇಪ್ಪತ್ತು ಸಾವಿರ ಸಲ ಕಾಲು ಅಷ್ಟು ಜಾಸ್ತಿ ಚಾಚಬೇಕು. ನಾಲ್ಕು ವರ್ಷ. ಮೊನ್ನೆ ಮಲಗಿ ಏಳುವಾಗ ಕಾಲು ಮಡಚೋಕೇ ಬರಲಿಲ್ಲ. ಒಂದೇ ಒಂದು ದಿನ ನನ್ನ ಅಳತೆಯಲ್ಲಿ ತುಳಿಯೋಣ ಅನ್ನಿಸಿತು. ಅಕ್ಕನಿಗೆ ಈ ವರ್ಷ ಒಂದು ಸಲವೂ ಪಂಕ್ಚರ್ ಆಗಿರಲಿಲ್ಲ. ಯಾರಿಗೆ ಗೊತ್ತಾಗುತ್ತೆ ಅಂದುಕೊಂಡೆ.” ನೀಲಿ ಪಟ್ಟಿಗಳ ಮೇಲೆ ಕೈ ಒತ್ತಿದಳು. “ಇಳಿಜಾರಿನ ತಿರುವಲ್ಲಿ ಹೊರಗಾಲು ನೇರ ಚಾಚಿ ಪೆಡಲ್ ಮೇಲೆ ಭಾರ ಹಾಕಬೇಕು. ಸೀಟು ತಗ್ಗಿದ್ದರೆ ಲೆಕ್ಕ ತಪ್ಪುತ್ತೆ. ಅಕ್ಕನಿಗೆ ತಪ್ಪಿತು. ಬಿದ್ದಳು. ಸಾಕಾ? ಬರಕೊಳ್ಳಿ. ಜೀಪು ಎಲ್ಲಿದೆ?”

ಇನ್‌ಸ್ಪೆಕ್ಟರ್ ಅವಳನ್ನೇ ನೋಡಿದರು. ಬೆಳಗಿನಿಂದ ತಾವು ಹುಡುಕುತ್ತಿದ್ದ ಅಪರಾಧಕ್ಕೂ ಇವಳು ಬಚ್ಚಿಟ್ಟುಕೊಂಡಿದ್ದ ಅಪರಾಧಕ್ಕೂ ಸಂಬಂಧವೇ ಇಲ್ಲ. ಕೊಡಲೆಂದೇ ಸೈಕಲ್ ಸಿದ್ಧಮಾಡಿದವಳು ಅಕ್ಕ ಹತ್ತಿದೊಡನೆ ಗುರುತಿಸುವಂತೆ ಸೀಟು ತಗ್ಗಿಸುವುದಿಲ್ಲ.

“ಅಕ್ಕ ಬಿದ್ದದ್ದು ಸೀಟಿನಿಂದ ಅಲ್ಲ,” ಎಂದರು. “ಬ್ರೇಕಿನೊಳಗೆ ಎಣ್ಣೆಯ ಬದಲು ನೀರಿತ್ತು. ಇಳಿಜಾರಿನ ಬಿಸಿಗೆ ಕುದಿಯಿತು.”

“ಸಾಧ್ಯವಿಲ್ಲ. ತೊಂಬತ್ತು ಕಿಲೋಮೀಟರ್ ನಾನೇ ಓಡಿಸಿದೀನಿ. ಬ್ರೇಕು ಸರಿಯಾಗಿ…”

ಮಾತು ಅಲ್ಲೇ ನಿಂತಿತು. ಅವಳಿಗೆ ರಸ್ತೆ ನೆನಪಾಗುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು: ಮೊದಲು ಬಯಲು, ಆಮೇಲೆ ಏರು. ಇಳಿಜಾರು ಅಂತ ಇದ್ದದ್ದು ಒಂದೇ.

“ಅದು ನನ್ನ ಸೈಕಲ್,” ಎಂದಳು ಮೆಲ್ಲಗೆ.

“ಹೌದು.”

“ಬೀಳಬೇಕಾದೋಳು ನಾನು.”

ಇನ್‌ಸ್ಪೆಕ್ಟರ್ ಲಾರಿಯ ಕಡೆ ಕೈ ತೋರಿಸಿದರು. “ಪಂಕ್ಚರ್ ಆದ ಚಕ್ರ ಲಾರಿಯಲ್ಲಿದೆ. ಒತ್ತಿ ನೋಡಿದೆ. ಗಾಳಿ ಒಂಚೂರೂ ಇಳಿದಿಲ್ಲ.”

ತಂಗಿ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು.

“ನಿನಗೆ ಗೊತ್ತಿತ್ತು,” ಎಂದರು ಇನ್‌ಸ್ಪೆಕ್ಟರ್. “ಕಾರು ಬರೋವರೆಗೆ ನಲವತ್ತು ಸೆಕೆಂಡ್ ಅವಳ ಸೈಕಲ್ ಹಿಡಿದು ನಿಂತಿದ್ದೆ.”

“ಹೆಬ್ಬೆರಳಿಟ್ಟು ನೋಡಿದೆ. ಗಟ್ಟಿಯಾಗಿತ್ತು. ಎರಡೂ.”

“ಕಾರಿನಿಂದ ಇಳಿದವನು?”

“ಮೆಕ್ಯಾನಿಕ್ಕಾ? ಚಕ್ರ ಬಿಚ್ಚಿದ, ಬೇರೆ ಹಾಕಿದ, ಬೆನ್ನಿಗೆ ಕೈಕೊಟ್ಟು ತಳ್ಳಿದ. ಏಳು ಸೆಕೆಂಡಿನ ಕೆಲಸ. ಯಾರೂ ಒತ್ತಿ ನೋಡಲ್ಲ. ಕೈಯೆತ್ತಿದರೆ ಪಂಕ್ಚರ್ ಅಷ್ಟೇ.”

“ಯಾಕೆ ಯಾರಿಗೂ ಹೇಳಲಿಲ್ಲ?”

“ಯಾರು ನಂಬ್ತಾರೆ? ಅಕ್ಕ ಆಸ್ಪತ್ರೆಯಲ್ಲಿ, ಬಾಲ ಕತೆ ಕಟ್ತಾ ಇದೆ ಅಂತಾರೆ.” ಅವಳು ಮೊಣಕಾಲು ಉಜ್ಜಿಕೊಂಡಳು. “ನನಗೆ ಕಾರಣ ಗೊತ್ತು ಅಂದುಕೊಂಡಿದ್ದೆ ಮೇಡಂ. ಕೈಯೆತ್ತೋಕೆ ಮುಂಚೆ ಒಂದು ಕಿಲೋಮೀಟರ್ ನನ್ನ ಪಕ್ಕದಲ್ಲೇ ಬಂದಳು. ನನ್ನ ಮೊಣಕಾಲನ್ನೇ ನೋಡ್ತಾ. ಅವಳ ಕಣ್ಣು ನಿಮಗೆ ಗೊತ್ತಿಲ್ಲ, ಎರಡು ಮಿಲಿಮೀಟರ್ ಕೂಡ ಹಿಡೀತಾಳೆ. ಸಿಕ್ಕಿಬಿದ್ದೆ ಅಂದುಕೊಂಡೆ. ಆಮೇಲೆ ಕೈಯೆತ್ತಿ ನನ್ನ ಹ್ಯಾಂಡಲ್ ಹಿಡಿದು ನಿಲ್ಲಿಸಿದಳು. ‘ಕೊಡು’ ಅಂದಳು. ಅಷ್ಟೇ. ಹತ್ತಿ ನೋಡಿ ಸೀಟು ತಗ್ಗಿದೆ ಅಂತ ಖಾತ್ರಿ ಮಾಡಿಕೊಂಡು ಸಂಜೆ ಎಲ್ಲರೆದುರು ಮಾನ ಕಳೀತಾಳೆ, ಅದಕ್ಕೇ ಈ ನಾಟಕ ಅಂತ…”

“ಹತ್ತಿದ ಮೇಲೆ ರೇಡಿಯೋದಲ್ಲಿ ಏನಾದರೂ ಅಂದಳಾ?”

“ಮೂರು ಸಲ. ‘ಈ ಸೈಕಲ್ ಬೇಡ, ಬೆಟ್ಟದ ಮೇಲೆ ನನ್ನ ಸ್ಪೇರ್ ಕೊಡಿ’ ಅಂದಳು. ಅದೂ ಸೀಟಿನ ಸಿಟ್ಟಿಗೇ ಅಂದುಕೊಂಡೆ.”

“ಆಯ್ತಾ ವಿಚಾರಣೆ?” ಪರದೆ ಸರಿಸಿ ಮ್ಯಾನೇಜರ್ ಒಳಗೆ ಬಂದ. ಕೈಯಲ್ಲಿ ಎರಡು ಫೋನು, ಕೊರಳಲ್ಲಿ ಮೂರು ಗುರುತಿನ ಚೀಟಿ. ತಂಗಿಯ ಕಡೆ ನೋಡಲೂ ಇಲ್ಲ. “ಇವಳು ಹೊರಡದಿದ್ದರೆ ಪ್ರಾಯೋಜಕರು ಇವತ್ತೇ ಬಸ್ಸಿನ ಮೇಲಿನ ಹೆಸರು ಕೀಳಿಸ್ತಾರೆ. ಹಿಡಿಯೋದಾದ್ರೆ ಹಿಡೀರಿ, ಬಿಡೋದಾದ್ರೆ ಬಿಡಿ. ನಡುವೆ ಜೋತಾಡಿಸಬೇಡಿ.”

“ನಾಯಕಿ ನಿನ್ನೆ ಮೂರು ಸಲ ಸ್ಪೇರ್ ಸೈಕಲ್ ಕೇಳಿದಳು. ಯಾಕೆ ಕೊಡಲಿಲ್ಲ?”

ಅವನಿಗೆ ಪ್ರಶ್ನೆಯಿಂದ ಏನೂ ಅನ್ನಿಸಿದಂತೆ ಕಾಣಲಿಲ್ಲ. “ಹಿಂದಿನವಳು ಹನ್ನೆರಡು ಸೆಕೆಂಡ್ ಅಂತರದಲ್ಲಿ ಬರ್ತಿದ್ದಳು. ಸೈಕಲ್ ಬದಲಾಯಿಸೋಕೆ ಇಪ್ಪತ್ತು ಸೆಕೆಂಡ್ ಬೇಕು. ಲೆಕ್ಕ ನೀವೇ ಹಾಕಿ. ಅಕ್ಕ ತಂಗಿ ಇಬ್ಬರದ್ದೂ ಒಂದೇ ಅಳತೆ, ಒಂದೇ ಸೈಕಲ್. ಸುಮ್ಮನೆ ಹಟ ಅಂದುಕೊಂಡೆ.”

“ಏನು ಕೆಟ್ಟಿದೆ ಅಂತ ಅವಳನ್ನ ಕೇಳಿದಿರಾ?”

“ಕೇಳಿದೆ. ಹೇಳಲಿಲ್ಲ.” ಅವನು ಗಡಿಯಾರ ನೋಡಿಕೊಂಡ. “ಹೇಳೋಕಾಗಲ್ಲ ಅಂದಳು.”

ಅವನು ಪರದೆ ಸರಿಸಿ ಹೊರಟುಹೋದ.

“ಟೈರು ಸರಿಯಿದ್ದಾಗ ಪಂಕ್ಚರ್ ಅಂತ ಸುಳ್ಳು ಹೇಳಿ ನಿನ್ನ ಸೈಕಲ್ ಕಿತ್ತುಕೊಂಡಳು,” ಎಂದರು ಇನ್‌ಸ್ಪೆಕ್ಟರ್. “ಇಳಿಜಾರು ಶುರುವಾಗೋಕೆ ಮುಂಚೆ ಅದರಿಂದ ಇಳಿದುಬಿಡೋಕೆ ಮೂರು ಸಲ ನೋಡಿದಳು. ಕಾರಣ ಹೇಳಲಿಲ್ಲ. ಅವಳಿಗೆ ಗೊತ್ತಿತ್ತಮ್ಮ. ನೀರು ತುಂಬಿದವರು ಯಾರು ಅಂತ ಗೊತ್ತಿತ್ತು. ಇಲ್ಲಾ…”

“ಇಲ್ಲಾ ಏನು?”

“ಇಲ್ಲಾ ಅವಳೇ ತುಂಬಿಸಿದ್ದಳು. ಕೊನೆ ಗಳಿಗೆಯಲ್ಲಿ ನಿನ್ನನ್ನ ಕಳಿಸೋಕೆ ಮನಸ್ಸು ಬರಲಿಲ್ಲ.”

ತಂಗಿ ಸೈಕಲ್ಲಿನಿಂದ ಇಳಿದ ರಭಸಕ್ಕೆ ಉರುಳೆಯ ಸ್ಟ್ಯಾಂಡು ಪಕ್ಕಕ್ಕೆ ಬಿತ್ತು. “ನಾಲ್ಕು ವರ್ಷ ನಾನು ಅವಳನ್ನ ಬಾಯಿಗೆ ಬಂದ ಹಾಗೆ ಬೈದಿದೀನಿ. ಅದು ನನ್ನ ಹಕ್ಕು. ನಿಮಗಿಲ್ಲ. ನನ್ನ ಅಕ್ಕ ಕೆಟ್ಟವಳು, ಹಟಮಾರಿ, ನನ್ನನ್ನ ಕಾಲ ಕಸ ಮಾಡಿದವಳು. ಆದರೆ ಕೊಲ್ಲೋಳಲ್ಲ. ಇನ್ನೊಂದು ಸಲ ಆ ಮಾತಾಡಿದರೆ ನೀವು ಪೊಲೀಸು ಅಂತಲೂ ನೋಡಲ್ಲ.”

ಎದುರಿನ ಪರದೆಯ ಕೆಳಗೆ ನಗು ನಿಂತಿತ್ತು. ಎಲ್ಲರೂ ಇತ್ತಲೇ ನೋಡುತ್ತಿದ್ದರು.

ಇನ್‌ಸ್ಪೆಕ್ಟರ್ ಎದ್ದು ಕುರ್ಚಿ ಮಡಚಿದರು. “ಹತ್ತು ಮೂವತ್ತೆಂಟು. ಹೋಗಿ ಸಹಿ ಹಾಕು. ನಾನು ತಡೆಯಲ್ಲ. ಆದರೆ ತಂಡದ ಸೈಕಲ್ ಬೇಡ. ರೇಸಿನವರ ಸಹಾಯದ ಕಾರಿನಲ್ಲಿ ಎಲ್ಲರಿಗೂ ಕೊಡೋ ಸೈಕಲ್ ಇರುತ್ತಲ್ಲ, ಅದು ತಗೋ.”

“ಅದರ ಸೀಟು ಯಾರ ಅಳತೆಗೋ ಇರುತ್ತೆ.”

“ಏಳುನೂರ ಆರು ಅಂತ ಹೇಳು. ಇಡ್ತಾರೆ.”

ತಂಗಿ ಕಾಲುಚೀಲ ಮೇಲೆಳೆದುಕೊಂಡಳು. ಆ ಅಂಕಿಯನ್ನು ಬೇರೆಯವರ ಬಾಯಲ್ಲಿ ಕೇಳಿದ್ದು ಅವಳಿಗೆ ಹೊಸದು.

*

ವೇದಿಕೆಯ ಸುತ್ತ ಜನ ಕಿಕ್ಕಿರಿದಿದ್ದರು. ಹನ್ನೆರಡನೆಯ ಸಂಖ್ಯೆ ಮೆಟ್ಟಿಲ ಬಳಿ ಕಂಡೊಡನೆ ಚಪ್ಪಾಳೆ ನಿಂತಿತು. ಯಾರೋ ಛೀ ಎಂದರು. ಖಾಲಿ ಬಾಟಲಿಯೊಂದು ಹಾರಿಬಂದು ಅವಳ ಹೆಗಲಿಗೆ ತಾಕಿ ಉರುಳಿತು. ಸರದಿಯಲ್ಲಿದ್ದ ಮೂವರು ಸವಾರರು ಅವಳಿಗೆ ಬೆನ್ನು ಹಾಕಿ ನಿಂತರು. ಮೈಕು ಹಿಡಿದವನು ಅವಳ ಹೆಸರು ಓದದೆ ಬರೀ ಸಂಖ್ಯೆ ಓದಿದ.

ಅವಳು ಹಲ್ಲುಕಚ್ಚಿ ಒಂದೊಂದೇ ಮೆಟ್ಟಿಲು ಹತ್ತಿದಳು. ಬಲಗಾಲು ಮಡಚುವಾಗ ಮಾತ್ರ ಕಂಬಿ ಹಿಡಿದುಕೊಂಡಳು.

ಮೆಟ್ಟಿಲ ಕೆಳಗೆ ಇನ್‌ಸ್ಪೆಕ್ಟರ್ ಮತ್ತು ಇಬ್ಬರು ಮಹಿಳಾ ಕಾನ್‌ಸ್ಟೇಬಲ್‌ಗಳು ಕಾವಲು ನಿಂತಿದ್ದರು. ಹತ್ತು ನಲವತ್ತಾರಕ್ಕೆ ಫೋನು ಬಂತು. ಆಸ್ಪತ್ರೆಯಲ್ಲಿ ಕೂರಿಸಿದ್ದ ಕಾನ್‌ಸ್ಟೇಬಲ್.

“ಮೇಡಂ, ಎಚ್ಚರ ಆಯ್ತು. ಹತ್ತು ನಿಮಿಷ ಆಯ್ತು. ಹೇಳಿಕೆ ಕೊಟ್ಟರು. ಡಾಕ್ಟರ್ ಎದುರಿಗೇ ಬರಕೊಂಡೆ, ಹೆಬ್ಬೆಟ್ಟು ಒತ್ತಿಸಿಕೊಂಡೆ.”

“ಓದು.”

“‘ನನ್ನ ತಂಗಿಯನ್ನು ಹಿಡಿಯಿರಿ. ರೇಸಿಗೆ ಬಿಡಬೇಡಿ. ಬ್ರೇಕಿನೊಳಗೆ ನೀರು ತುಂಬಿಸಿದ್ದು ಅವಳೇ. ನಾನು ಕಣ್ಣಾರೆ ನೋಡಿದ್ದೇನೆ.’ ಅಷ್ಟೇ ಮೇಡಂ. ಮತ್ತೆ ಮಾತಾಡಲಿಲ್ಲ.”

ಇನ್‌ಸ್ಪೆಕ್ಟರ್ ಫೋನನ್ನು ಕಿವಿಗೆ ಒತ್ತಿ ಹಿಡಿದರು. “ನೀರು ಅಂದಳಾ? ಅದೇ ಪದವಾ?”

“ಅದೇ ಮೇಡಂ. ಎರಡು ಸಲ ಕೇಳಿ ಬರಕೊಂಡೆ.”

“ಬೆಳಗಿನಿಂದ ಒಳಗೆ ಯಾರು ಹೋಗಿದ್ದರು?”

“ಡಾಕ್ಟರು, ನರ್ಸು. ಅಮ್ಮ ಬಾಗಿಲ ಹೊರಗೇ ಕೂತಿದಾರೆ. ಫೋನು ನನ್ನ ಹತ್ತಿರ ಇದೆ. ಒಂದು ನೊಣವೂ ಒಳಗೆ ಹೋಗಿಲ್ಲ.”

ಮೆಕ್ಯಾನಿಕ್‌ನ ಫೋನು ಇನ್‌ಸ್ಪೆಕ್ಟರ್ ಜೇಬಿನಲ್ಲಿತ್ತು. ತಂಗಿ ಒಂದು ಕ್ಷಣವೂ ಕಣ್ಣಳತೆಯಿಂದ ಆಚೆ ಹೋಗಿರಲಿಲ್ಲ. ಇಪ್ಪತ್ತು ಗಂಟೆ ಪ್ರಜ್ಞೆಯಿಲ್ಲದೆ ಮಲಗಿದ್ದವಳು ನೀರೆಂಬುದನ್ನು ಬೀಳುವ ಮುಂಚೆಯೇ ತಿಳಿದಿರಬೇಕು. ತಂಗಿ ತುಂಬಿಸಿದ್ದನ್ನು ಕಣ್ಣಾರೆ ನೋಡಿದ್ದರೆ, ತಂಗಿ ತುಳಿಯುತ್ತಿದ್ದ ಆ ಸೈಕಲ್ಲನ್ನು ತಾನು ಏಕೆ ಕಿತ್ತುಕೊಂಡಳು?

ಒಂದು ವಾಕ್ಯವೂ ಇನ್ನೊಂದರ ಜೊತೆ ಕೂಡುತ್ತಿರಲಿಲ್ಲ. ‘ರೇಸಿಗೆ ಬಿಡಬೇಡಿ’ ಎಂದದ್ದು ತಂಗಿಯನ್ನು ಸಿಕ್ಕಿಸಲೋ, ಇನ್ನೊಂದು ಇಳಿಜಾರಿನಿಂದ ಉಳಿಸಲೋ? ಆದರೆ ಕಾಗದದ ಮೇಲೆ ಹೆಬ್ಬೆಟ್ಟಿನ ಗುರುತಿತ್ತು, ಡಾಕ್ಟರ ಸಾಕ್ಷಿಯಿತ್ತು. ಗಾಯಗೊಂಡವಳೇ ಹೆಸರಿಸಿದ ಆರೋಪಿಯನ್ನು ಕಣ್ಣೆದುರೇ ಹೋಗಲು ಬಿಟ್ಟರೆ ನಾಳೆ ಈ ತನಿಖೆ ತಮ್ಮ ಕೈಯಲ್ಲಿರುವುದಿಲ್ಲ. ಹಿಡಿದರೆ, ನಾಲ್ಕು ವರ್ಷ ಕಾದ ಹುಡುಗಿಯ ರೇಸು ಈ ಮೆಟ್ಟಿಲ ಮೇಲೆಯೇ ಮುಗಿಯುತ್ತದೆ, ನೆರೆದ ಸಾವಿರ ಜನರ ಕಣ್ಣಲ್ಲಿ ಅವಳು ಕೊಲೆಗಾತಿಯೇ ಆಗುತ್ತಾಳೆ.

“ಮೇಡಂ?” ಪಕ್ಕದ ಕಾನ್‌ಸ್ಟೇಬಲ್ ಅವರ ಮುಖ ನೋಡಿ ಒಂದು ಹೆಜ್ಜೆ ಮುಂದಿಟ್ಟಿದ್ದಳು. “ಕರಕೊಂಡು ಬರಲಾ?”

ಹತ್ತು ನಲವತ್ತೆಂಟು.

“ನಾನೇ ಹೋಗ್ತೀನಿ,” ಎಂದರು ಇನ್‌ಸ್ಪೆಕ್ಟರ್.

ವೇದಿಕೆಯ ಮೇಲೆ ತಂಗಿ ಪೆನ್ನು ತೆಗೆದುಕೊಂಡು ಬಿಳಿ ಹಲಗೆಯ ಮೇಲೆ ತನ್ನ ಹೆಸರಿನ ಜಾಗ ಹುಡುಕುತ್ತಿದ್ದಳು. ಮೆಟ್ಟಿಲ ಸದ್ದಿಗೆ ತಿರುಗಿದಳು. ಇನ್‌ಸ್ಪೆಕ್ಟರ್ ಕೈಯಲ್ಲಿ ಇನ್ನೂ ಬೆಳಗುತ್ತಿದ್ದ ಫೋನು ಕಂಡಿತು. ಬೆಳಗಿನಿಂದ ಗಂಟು ಹಾಕಿಕೊಂಡಿದ್ದ ಮುಖ ಒಮ್ಮೆಲೇ ಸಡಿಲವಾಯಿತು. ಛೀ ಎನ್ನುತ್ತಿದ್ದ ಜನ, ಹಲಗೆ, ಹೊತ್ತು, ಎಲ್ಲವನ್ನೂ ಮರೆತವಳಂತೆ ಎರಡು ಹೆಜ್ಜೆ ಎದುರಿಗೇ ಬಂದಳು.

“ಅಕ್ಕ ಎದ್ದಳಾ?”

“ಎದ್ದಳು.”

“ಮಾತಾಡಿದಳಾ?” ಪೆನ್ನು ಹಿಡಿದ ಕೈಯಿಂದಲೇ ಆಕೆಯ ತೋಳು ಹಿಡಿದಳು. “ನನ್ನನ್ನ ಕೇಳಿದಳಾ ಮೇಡಂ?”